ಸಣ್ಣ ಕಮಾಂಡ್‌ಗಳನ್ನು ನಾನು ಯಾಕೆ ನಂಬುತ್ತೇನೆ

ಒಂದು ವೆಬ್ ಸರ್ವರ್ ಇದ್ದಕ್ಕಿದ್ದಂತೆ ನಿಧಾನವಾಗಿದೆ ಅಂದುಕೊಳ್ಳಿ. ಯಾವುದೋ ಒಂದೆರಡು ವಿಳಾಸಗಳಿಂದ ವಿಪರೀತ ಕೋರಿಕೆಗಳು ಬರುತ್ತಿವೆ ಎಂಬ ಅನುಮಾನವಿದೆ. ಲಾಗ್ ಫೈಲಿನಲ್ಲಿ ಇಪ್ಪತ್ತು ಲಕ್ಷ ಸಾಲುಗಳಿದ್ದು, ಪ್ರತಿ ಸಾಲಿನ ಮೊದಲ ಪದವೇ ಐಪಿ ವಿಳಾಸ. ಅತಿ ಹೆಚ್ಚು ಸಲ ಬಂದ ಹತ್ತು ವಿಳಾಸಗಳು ಯಾವುವು, ಒಂದೊಂದೂ ಎಷ್ಟು ಸಲ ಬಂದಿದೆ ಎಂದು ತಿಳಿಯಬೇಕು. ಲಿನಕ್ಸ್, ಮ್ಯಾಕ್‌ಓಎಸ್, ಬಿಎಸ್‌ಡಿ, ಯೂನಿಕ್ಸ್ ಬಳಗದ ಯಾವ ಯಂತ್ರವಾದರೂ ಸರಿ, ಇಷ್ಟು ಬರೆದರೆ ಉತ್ತರ ಸಿಗುತ್ತದೆ:

ಕಟ್ -ಡಿ ' ' -ಎಫ್ 1 ಆಕ್ಸೆಸ್.ಲಾಗ್ | ಸಾರ್ಟ್ | ಯೂನಿಕ್ -ಸಿ | ಸಾರ್ಟ್ -ಆರ್‌ಎನ್ | ಹೆಡ್ -ಎನ್ 10

ಕಮಾಂಡ್‌ಗಳನ್ನು ಇಲ್ಲಿ ಓದುವ ಅನುಕೂಲಕ್ಕೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು: cut -d ' ' -f 1 access.log | sort | uniq -c | sort -rn | head -n 10

ಈ ಸಾಲಿನಲ್ಲಿ ಕೆಲಸ ಮಾಡುತ್ತಿರುವ ನಾಲ್ಕು ಪ್ರೋಗ್ರಾಂಗಳಲ್ಲಿ ಒಂದಕ್ಕೂ ವೆಬ್ ಸರ್ವರ್ ಅಂದರೆ ಏನೆಂದು ಗೊತ್ತಿಲ್ಲ. ಕಟ್‌ಗೆ ಗೊತ್ತಿರುವುದು ಸಾಲಿನ ಒಂದು ತುಂಡನ್ನು ತೆಗೆದುಕೊಡುವುದು. ಸಾರ್ಟ್ ಸಾಲುಗಳನ್ನು ಕ್ರಮಕ್ಕೆ ತರುತ್ತದೆ. ಯೂನಿಕ್ ಒಂದೇ ಥರದ ಸಾಲುಗಳನ್ನು ಒಂದಾಗಿಸಿ ಎಷ್ಟಿದ್ದವೆಂದು ಎಣಿಸುತ್ತದೆ. ಹೆಡ್ ಮೊದಲ ಕೆಲವು ಸಾಲುಗಳನ್ನು ತೋರಿಸಿ ಸುಮ್ಮನಾಗುತ್ತದೆ. ಲಾಗ್ ವಿಶ್ಲೇಷಿಸುವ ಪ್ರೋಗ್ರಾಂ ಅನ್ನುವುದು ಈ ನಾಲ್ಕರಲ್ಲಿ ಎಲ್ಲೂ ಇಲ್ಲ. ಅವುಗಳನ್ನು ಜೋಡಿಸಿದ ರೀತಿಯಲ್ಲೇ ಅದು ಹುಟ್ಟಿಕೊಂಡಿದೆ.

ಇಂಥ ಟೂಲ್‌ಗಳನ್ನೇ ಆರಿಸಿಕೊಳ್ಳುವವರನ್ನು ಕಂಡರೆ ಹಳೆಯದಕ್ಕೆ ಅಂಟಿಕೊಂಡವರು ಎಂದು ಕೆಲವರಿಗೆ ಅನಿಸುತ್ತದೆ. ಹಳೆಯದೆಂಬ ಮೋಹದಿಂದ ನಾನಂತೂ ಇವನ್ನು ಬಳಸುತ್ತಿಲ್ಲ. ಒಂದು ಕಮಾಂಡ್ ಕೊಡುವ ಮೊದಲೇ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ನನ್ನ ತಲೆಯಲ್ಲೇ ಪೂರ್ತಿ ಲೆಕ್ಕ ಹಾಕಲು ಸಾಧ್ಯವಾಗಬೇಕು. ಸರಳ ಎಂಬ ಮಾತನ್ನು ಇಲ್ಲಿ ನಾನು ಬಳಸುವುದು ಈ ಅರ್ಥದಲ್ಲಿ. ಫೈಲಿನ ಗಾತ್ರ ಎಷ್ಟು, ಪರದೆ ಎಷ್ಟು ಬೋಳಾಗಿದೆ ಎಂಬುದು ಆಮೇಲಿನ ಮಾತು.

ಪೈಪ್ ಒಳಗೆ ಏನಾಗುತ್ತದೆ

ಮೇಲಿನ ಸಾಲಿನಲ್ಲಿ ಸಾರ್ಟ್ ಎರಡು ಸಲ ಬಂದಿದೆ. ಎರಡನೆಯದು ಯಾಕೆಂದು ಯಾರಿಗಾದರೂ ಹೊಳೆಯುತ್ತದೆ: ಎಣಿಕೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಬೇಕು. ಮೊದಲನೆಯದು ಹೊಸಬರನ್ನು ಗೊಂದಲಕ್ಕೆ ಕೆಡವುತ್ತದೆ. ಯೂನಿಕ್ ಪಕ್ಕಪಕ್ಕದ ಸಾಲುಗಳನ್ನು ಮಾತ್ರ ಹೋಲಿಸುತ್ತದೆ. ಒಂದೇ ವಿಳಾಸ ಹತ್ತನೇ ಸಾಲಿನಲ್ಲಿ ಒಮ್ಮೆ, ಐನೂರನೇ ಸಾಲಿನಲ್ಲಿ ಒಮ್ಮೆ ಬಂದರೆ ಅವೆರಡೂ ಅದಕ್ಕೆ ಬೇರೆ ಬೇರೆ. ಆದ್ದರಿಂದ ಮೊದಲು ಸಾರ್ಟ್ ಮಾಡಿ ಒಂದೇ ಥರದವನ್ನು ಒಟ್ಟಿಗೆ ತರಬೇಕು.

ಇದನ್ನು ಯೂನಿಕ್‌ನ ಕೊರತೆ ಎಂದು ಮೊದಲಿಗೆ ಅನಿಸುವುದು ಸಹಜ. ಸ್ವಲ್ಪ ಯೋಚಿಸಿದರೆ ಅದರ ಬಲ ಇರುವುದೂ ಇಲ್ಲೇ ಎಂದು ಗೊತ್ತಾಗುತ್ತದೆ. ಯೂನಿಕ್ ನೆನಪಿಟ್ಟುಕೊಳ್ಳಬೇಕಾದದ್ದು ಹಿಂದಿನ ಒಂದು ಸಾಲು ಮತ್ತು ಒಂದು ಎಣಿಕೆ ಮಾತ್ರ. ಇಪ್ಪತ್ತು ಸಾಲಿನ ಫೈಲಿಗೂ ಇಪ್ಪತ್ತು ಕೋಟಿ ಸಾಲಿನ ಫೈಲಿಗೂ ಅದಕ್ಕೆ ಬೇಕಾದ ಮೆಮೊರಿ ಹೆಚ್ಚುಕಡಿಮೆ ಒಂದೇ. ಕಷ್ಟದ ಕೆಲಸವೆಲ್ಲ ಸಾರ್ಟ್‌ನ ಪಾಲಿಗೆ ಹೋಗಿದೆ. ಅದು ಆ ಕೆಲಸದಲ್ಲಿ ಪಳಗಿದ ಟೂಲ್. ಡೇಟಾ ಮೆಮೊರಿಯಲ್ಲಿ ಹಿಡಿಸದಿದ್ದರೆ ಸಾರ್ಟ್ ಅದನ್ನು ತುಂಡು ತುಂಡಾಗಿ ಜೋಡಿಸಿ, ಡಿಸ್ಕಿನಲ್ಲಿ ತಾತ್ಕಾಲಿಕ ಫೈಲುಗಳಾಗಿ ಇಟ್ಟು, ಕೊನೆಗೆ ಆ ತುಂಡುಗಳನ್ನು ಕ್ರಮ ಕೆಡದಂತೆ ವಿಲೀನ ಮಾಡುತ್ತದೆ. ಯಂತ್ರದ ರ್‍ಯಾಮ್‌ಗಿಂತ ದೊಡ್ಡ ಫೈಲನ್ನೂ ಅದು ನಿಭಾಯಿಸುವುದು ಹೀಗೆ.

ನಡುವೆ ಇರುವ ಉದ್ದ ಗೀಟು, ಅಂದರೆ ಪೈಪ್, ಒಂದು ಪ್ರೋಗ್ರಾಂನ ಔಟ್‌ಪುಟ್ಟನ್ನು ಮುಂದಿನದರ ಇನ್‌ಪುಟ್ಟಿಗೆ ಕೊಡುತ್ತದೆ. ಮೊದಲನೆಯದು ಮುಗಿದ ಮೇಲೆ ಎರಡನೆಯದು ಶುರುವಾಗುತ್ತದೆ ಎಂದು ಬಹಳ ಜನ ಭಾವಿಸಿರುತ್ತಾರೆ. ವಾಸ್ತವದಲ್ಲಿ, ನಾವು ಟೈಪಿಸಿದ್ದನ್ನು ಓದಿ ಓಡಿಸುವ ಶೆಲ್ ಎಲ್ಲ ಪ್ರೋಗ್ರಾಂಗಳನ್ನೂ ಒಟ್ಟಿಗೇ ಶುರು ಮಾಡುತ್ತದೆ. ಪ್ರತಿ ಜೋಡಿಯ ನಡುವೆ ಕರ್ನಲ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನಲ್ಲಿ, ಒಂದು ಪುಟ್ಟ ಬಫರ್ (ಡೇಟಾ ತಾತ್ಕಾಲಿಕವಾಗಿ ತಂಗುವ ಜಾಗ) ಇರುತ್ತದೆ. ಲಿನಕ್ಸ್‌ನಲ್ಲಿ ಅದರ ಗಾತ್ರ ಸಾಮಾನ್ಯವಾಗಿ 64 ಕಿಲೋಬೈಟ್. ಬರೆಯುವವರು ವೇಗವಾಗಿದ್ದು ಓದುವವರು ನಿಧಾನವಾಗಿದ್ದರೆ ಬಫರ್ ತುಂಬುತ್ತದೆ, ಬರೆಯುವ ಪ್ರೋಗ್ರಾಂ ಅಲ್ಲೇ ಕಾಯುತ್ತದೆ. ಬಫರ್ ಖಾಲಿಯಾದರೆ ಓದುವ ಪ್ರೋಗ್ರಾಂ ಕಾಯುತ್ತದೆ. ಈ ಹೊಂದಾಣಿಕೆಗಾಗಿ ಕಟ್ ಬರೆದವರಾಗಲಿ ಸಾರ್ಟ್ ಬರೆದವರಾಗಲಿ ಒಂದು ಸಾಲಿನ ಕೋಡನ್ನೂ ಸೇರಿಸಬೇಕಾಗಿರಲಿಲ್ಲ. ಅದೆಲ್ಲವೂ ಕರ್ನಲ್‌ನ ಹೊಣೆ.

ಕಣ್ಣಾರೆ ನೋಡಬೇಕೆಂದರೆ 'ಯೆಸ್ | ಹೆಡ್ -ಎನ್ 3' ಎಂದು ಕೊಟ್ಟು ನೋಡಿ. ಯೆಸ್ ಎಂಬ ಕಮಾಂಡ್ 'ವೈ' ಅಕ್ಷರವನ್ನು ಸಾಲುಸಾಲಾಗಿ ಕೊನೆಯೇ ಇಲ್ಲದೆ ಮುದ್ರಿಸುತ್ತದೆ. ಆದರೂ ಮೂರು ಸಾಲು ಬಂದ ತಕ್ಷಣ ಎಲ್ಲವೂ ನಿಂತುಬಿಡುತ್ತದೆ. ಹೆಡ್ ತನ್ನ ಮೂರು ಸಾಲು ಓದಿ ಮುಗಿಸಿ ಹೊರಟುಹೋಗುತ್ತದೆ, ಪೈಪ್‌ನ ಓದುವ ತುದಿ ಮುಚ್ಚಿಕೊಳ್ಳುತ್ತದೆ. ಓದುವವರೇ ಇಲ್ಲದ ಪೈಪಿಗೆ ಯೆಸ್ ಮತ್ತೆ ಬರೆಯಲು ಹೋದಾಗ ಕರ್ನಲ್ ಅದಕ್ಕೆ ಸಿಗ್‌ಪೈಪ್ ಎಂಬ ಸಿಗ್ನಲ್ ಕಳಿಸಿ ನಿಲ್ಲಿಸುತ್ತದೆ. ಅನಂತವಾಗಿ ಓಡುವ ಪ್ರೋಗ್ರಾಂ ಕೂಡ ಬೇಕಾದಷ್ಟೇ ಓಡಿತು.

ಇನ್ನೊಂದು ನಿಯಮವೂ ಇಲ್ಲಿಂದಲೇ ಬಂದದ್ದು. ಫೈಲನ್ನು ನಕಲು ಮಾಡುವ ಸಿಪಿ ಕಮಾಂಡ್ ಕೆಲಸ ಸರಿಯಾಗಿ ಆದರೆ ಏನನ್ನೂ ಹೇಳುವುದಿಲ್ಲ. ಹೊಸಬರಿಗೆ ಇದು ಒರಟುತನದಂತೆ ಕಾಣಬಹುದು. ಆದರೆ ಒಂದು ಪ್ರೋಗ್ರಾಂ ಮುದ್ರಿಸಿದ್ದೆಲ್ಲ ಮುಂದಿನದಕ್ಕೆ ಡೇಟಾ ಆಗುವ ವ್ಯವಸ್ಥೆಯಲ್ಲಿ 'ನಿಮ್ಮ ಕೆಲಸ ಯಶಸ್ವಿಯಾಗಿದೆ' ಎಂಬ ಸಾಲು ಬಂದರೆ ಅದನ್ನೂ ಮುಂದಿನ ಪ್ರೋಗ್ರಾಂ ಎಣಿಕೆಗೆ ಸೇರಿಸಿಕೊಳ್ಳುತ್ತದೆ! ಅದಕ್ಕೇ ಮೂರು ದಾರಿಗಳನ್ನು ಬೇರೆ ಬೇರೆ ಇಟ್ಟಿದ್ದಾರೆ. 0 ಎಂಬ ಸಂಖ್ಯೆಯ ದಾರಿಯಲ್ಲಿ ಇನ್‌ಪುಟ್, 1ರಲ್ಲಿ ಔಟ್‌ಪುಟ್, 2ರಲ್ಲಿ ದೋಷದ ಸಂದೇಶಗಳು. ಪೈಪ್ ಒಳಗೆ ಹೋಗುವುದು 1ರ ದಾರಿಯದು ಮಾತ್ರ. ದೋಷದ ಸಂದೇಶ ನೇರವಾಗಿ ನಿಮ್ಮ ಕಣ್ಣಿಗೆ ಬೀಳುತ್ತದೆ. ಕೆಲಸ ಆಯಿತೋ ಇಲ್ಲವೋ ಎಂಬುದನ್ನು ಪ್ರೋಗ್ರಾಂ ಕೊನೆಗೆ ಬಿಟ್ಟುಹೋಗುವ ಒಂದು ಸಂಖ್ಯೆ ಹೇಳುತ್ತದೆ. ಸೊನ್ನೆ ಅಂದರೆ ಸರಿ, ಬೇರೆ ಏನಿದ್ದರೂ ತೊಂದರೆ.

ಆರು ಕಮಾಂಡ್‌ಗಳ ವಿಮರ್ಶೆ, ಮತ್ತು ಕನ್ನಡ ಪಠ್ಯ

ಯೂನಿಕ್ಸ್ ಹುಟ್ಟಿದ್ದು 1969ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ, ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರ ಕೈಯಲ್ಲಿ. ಆದರೆ ಪ್ರೋಗ್ರಾಂಗಳನ್ನು ಜೋಡಿಸುವ ಯೋಚನೆ ಅದಕ್ಕಿಂತ ಹಳೆಯದು. ಅಲ್ಲಿಯೇ ಇದ್ದ ಡಗ್ ಮೆಕಿಲ್‌ರಾಯ್ 1964ರಲ್ಲೇ ಒಂದು ಟಿಪ್ಪಣಿ ಬರೆದು, ತೋಟದ ನೀರಿನ ಕೊಳವೆಗೆ ಇನ್ನೊಂದು ತುಂಡನ್ನು ತಿರುಗಿಸಿ ಕೂರಿಸುವ ಹಾಗೆ ಪ್ರೋಗ್ರಾಂಗಳನ್ನೂ ಒಂದಕ್ಕೊಂದು ಸೇರಿಸಲು ಬರಬೇಕು ಎಂದಿದ್ದರು. ಅವರು ಪಟ್ಟು ಬಿಡಲಿಲ್ಲ. 1973ರಲ್ಲಿ ಥಾಂಪ್ಸನ್ ಪೈಪನ್ನು ಯೂನಿಕ್ಸ್‌ಗೆ ಸೇರಿಸಿದರು.

ಈ ಶೈಲಿಯ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುವ ಪ್ರಸಂಗ ನಡೆದದ್ದು 1986ರಲ್ಲಿ. ಕಂಪ್ಯೂಟರ್ ಪತ್ರಿಕೆಯೊಂದರ ತಮ್ಮ ಅಂಕಣದಲ್ಲಿ ಜಾನ್ ಬೆಂಟ್ಲಿ, ಹೆಸರಾಂತ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರಿಗೆ ಒಂದು ಸಮಸ್ಯೆ ಕೊಟ್ಟರು. ಒಂದು ಪಠ್ಯದಲ್ಲಿ ಅತಿ ಹೆಚ್ಚು ಸಲ ಬರುವ ಪದಗಳನ್ನು ಎಣಿಕೆಯ ಸಮೇತ ಮುದ್ರಿಸಬೇಕು. ಕ್ನೂತ್ ಹಲವು ಪುಟಗಳ ಸೊಗಸಾದ ಪ್ರೋಗ್ರಾಂ ಬರೆದರು. ಅದಕ್ಕಾಗಿ ವಿಶೇಷ ದತ್ತಾಂಶ ರಚನೆಯೊಂದನ್ನೂ ರೂಪಿಸಿದರು. ವಿಮರ್ಶೆ ಬರೆದ ಮೆಕಿಲ್‌ರಾಯ್ ಅದನ್ನು ಮೆಚ್ಚಿ, ಕೊನೆಗೆ ಅದೇ ಕೆಲಸವನ್ನು ಆರು ಕಮಾಂಡ್‌ಗಳ ಒಂದು ಪೈಪ್‌ಲೈನಿನಲ್ಲಿ ಮಾಡಿ ತೋರಿಸಿದರು. ಟಿಆರ್ ಎಂಬ ಕಮಾಂಡಿನಿಂದ ಅಕ್ಷರವಲ್ಲದ್ದನ್ನೆಲ್ಲ ಹೊಸ ಸಾಲಾಗಿಸುವುದು, ಇನ್ನೊಂದು ಟಿಆರ್‌ನಿಂದ ದೊಡ್ಡಕ್ಷರಗಳನ್ನು ಚಿಕ್ಕದಾಗಿಸುವುದು, ಸಾರ್ಟ್, ಯೂನಿಕ್ -ಸಿ, ಮತ್ತೆ ಸಾರ್ಟ್, ಬೇಕಾದಷ್ಟು ಸಾಲಿಗೆ ನಿಲ್ಲಿಸಲು ಸೆಡ್.

ಕ್ನೂತ್ ಅವರಿಗೆ ನ್ಯಾಯವಾಗಿ ಹೇಳಬೇಕೆಂದರೆ, ಅವರನ್ನು ಕೇಳಿದ್ದು ಸಾಹಿತ್ಯದಂತೆ ಓದಿಸಿಕೊಳ್ಳುವ ಪ್ರೋಗ್ರಾಂ ಬರೆಯುವ ತಮ್ಮ ವಿಧಾನವನ್ನು ತೋರಿಸಿಕೊಡಲು. ಬೇಗ ಮುಗಿಸಿ ಎಂದು ಯಾರೂ ಹೇಳಿರಲಿಲ್ಲ. ಹಾಗಿದ್ದರೂ ಮೆಕಿಲ್‌ರಾಯ್ ಅವರ ಮಾತು ಗಟ್ಟಿಯಾಗಿಯೇ ನಿಲ್ಲುತ್ತದೆ. ಆ ಆರು ತುಂಡುಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಬಹುದು, ಬದಲಿಸಬಹುದು, ನಾಳೆ ಇನ್ನೇನಕ್ಕೋ ಬಳಸಬಹುದು.

ಈಗ ಅದೇ ಪೈಪ್‌ಲೈನಿಗೆ ಒಂದು ಕನ್ನಡ ಪಠ್ಯ ಕೊಡಿ. ಪದವೇ ಇಲ್ಲದ, 1 ಎಂಬ ಎಣಿಕೆ ಮಾತ್ರ ಇರುವ ಒಂದು ಸಾಲು ಬರುತ್ತದೆ, ಅಷ್ಟೇ. ಇಂಗ್ಲಿಷ್ ವರ್ಣಮಾಲೆಯ 26 ಅಕ್ಷರಗಳಲ್ಲಿ ಸೇರದ್ದೆಲ್ಲ ಮೊದಲ ಟಿಆರ್‌ನ ದೃಷ್ಟಿಯಲ್ಲಿ 'ಅಕ್ಷರವಲ್ಲ'. ಇಡೀ ಪಠ್ಯವನ್ನು ಅದು ಹೊಸ ಸಾಲುಗಳಾಗಿಸಿ ಒಂದಕ್ಕೆ ಕುಗ್ಗಿಸುತ್ತದೆ.

ಟೂಲ್ ಕೆಟ್ಟಿದೆಯೇ? ಇಲ್ಲ, ಅದಕ್ಕೆ ಹೇಳಿದ್ದನ್ನೇ ಮಾಡಿದೆ. ಕೇಳುವ ಪ್ರಶ್ನೆಯನ್ನು ತಿರುಗಿಸಿದರೆ ಸಾಕು. 'ಅಕ್ಷರವಲ್ಲದ್ದನ್ನು ಒಡೆ' ಅನ್ನುವ ಬದಲು 'ಖಾಲಿ ಜಾಗ ಮತ್ತು ವಿರಾಮಚಿಹ್ನೆ ಇದ್ದಲ್ಲಿ ಒಡೆ' ಎಂದು ಟಿಆರ್‌ಗೆ ಹೇಳಿದರೆ ಕನ್ನಡ ಪದಗಳ ಪಟ್ಟಿ ಸರಾಗವಾಗಿ ಬರುತ್ತದೆ. ಗ್ನೂ ಟಿಆರ್ ಇವತ್ತಿಗೂ ಬೈಟ್ ಲೆಕ್ಕದಲ್ಲೇ ಕೆಲಸ ಮಾಡುತ್ತದೆ, ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8ರಲ್ಲಿ, ಅಂದರೆ ಎಲ್ಲ ಲಿಪಿಗಳನ್ನೂ ಬೈಟ್‌ಗಳಾಗಿ ಬರೆಯುವ ಪದ್ಧತಿಯಲ್ಲಿ, ಮೂರು ಬೈಟ್. ಹೀಗಿದ್ದೂ ಏನೂ ಒಡೆದುಹೋಗುವುದಿಲ್ಲ. ಯಾಕೆಂದರೆ ಯುಟಿಎಫ್-8ರಲ್ಲಿ ಬಹುಬೈಟ್ ಸಂಕೇತದ ಯಾವ ಬೈಟೂ ಖಾಲಿ ಜಾಗ, ಅಲ್ಪವಿರಾಮ, ಹೊಸ ಸಾಲು ಮುಂತಾದ ಹಳೆಯ ಆಸ್ಕಿ ಬೈಟ್‌ಗಳನ್ನು ಹೋಲುವುದಿಲ್ಲ. 1992ರಲ್ಲಿ ಈ ಸಂಕೇತ ಪದ್ಧತಿಯನ್ನು ರೂಪಿಸಿದವರು ಅದೇ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್. ಹಳೆಯ ಟೂಲ್‌ಗಳು ಹೊಸ ಲಿಪಿಗಳನ್ನು ಕೆಡಿಸದೆ ಸಾಗಿಸಲಿ ಎಂಬ ಎಚ್ಚರ ಅದರ ವಿನ್ಯಾಸದಲ್ಲೇ ಇತ್ತು. ಜಗತ್ತಿನ ಲಿಪಿಗಳಿಗೆಲ್ಲ ಇದರಿಂದ ಆದ ಉಪಕಾರ ದೊಡ್ಡದು.

ಆದರೂ ಕನ್ನಡದಲ್ಲಿ ಕೆಲಸ ಮಾಡುವವರು ಕೆಲವು ವಿಷಯ ತಿಳಿದಿರಬೇಕು. 'ಕನ್ನಡ' ಎಂಬ ಪದವನ್ನು ಎಣಿಕೆಯ ಕಮಾಂಡ್ ಡಬ್ಲ್ಯೂಸಿ -ಸಿ ಗೆ ಕೊಟ್ಟರೆ 15 ಅನ್ನುತ್ತದೆ, ಡಬ್ಲ್ಯೂಸಿ -ಎಂ ಗೆ ಕೊಟ್ಟರೆ 5 ಅನ್ನುತ್ತದೆ, ಓದುವವರಿಗೆ ಕಾಣುವುದು ಮೂರೇ ಅಕ್ಷರ. ಮೊದಲನೆಯದು ಬೈಟ್‌ಗಳ ಲೆಕ್ಕ, ಎರಡನೆಯದು ಯೂನಿಕೋಡ್ ಸಂಕೇತಗಳ ಲೆಕ್ಕ. ಒತ್ತಕ್ಷರ ಅಲ್ಲಿ ಹಲಂತ ಸೇರಿ ಮೂರು ಸಂಕೇತವಾಗುತ್ತದೆ. ಇನ್ನೊಂದು ತೊಡಕು ಕಣ್ಣಿಗೇ ಕಾಣದ್ದು. 'ಟರ್ಮಿನಲ್‌ನಲ್ಲಿ' ಎಂಬಂಥ ಪದಗಳಲ್ಲಿ ಲ್ ಮತ್ತು ನ ಒಂದಕ್ಕೊಂದು ಒತ್ತಾಗದಿರಲು ನಡುವೆ ಅಗೋಚರ ಸಂಕೇತವೊಂದನ್ನು ಹಾಕುತ್ತೇವೆ. ಒಬ್ಬರು ಅದನ್ನು ಒಂದು ಸಲ ಟೈಪಿಸಿ ಇನ್ನೊಬ್ಬರು ಎರಡು ಸಲ ಟೈಪಿಸಿದ್ದರೆ ಪರದೆಯ ಮೇಲೆ ಎರಡೂ ಒಂದೇ. ಪಠ್ಯ ಹುಡುಕುವ ಗ್ರೆಪ್ ಕಮಾಂಡಿಗೆ ಮಾತ್ರ ಅವು ಬೇರೆ ಪದಗಳು. ಪದ ಕಣ್ಣೆದುರೇ ಇದ್ದರೂ ಗ್ರೆಪ್ ಹುಡುಕಿಕೊಡುತ್ತಿಲ್ಲ ಎಂದಾದಾಗ ನಾನು ಮೊದಲು ಅನುಮಾನಿಸುವುದು ಇದನ್ನೇ. ಓಡಿ ಅಥವಾ ಹೆಕ್ಸ್‌ಡಂಪ್ ಮೂಲಕ ಆ ಸಾಲಿನ ಬೈಟ್‌ಗಳನ್ನು ನೋಡಿದರೆ ಗುಟ್ಟು ಹೊರಬೀಳುತ್ತದೆ.

ಸರಳ ಅಂದರೆ ಯಾರಿಗೆ ಸರಳ?

1971ರ ಮೊದಲ ಯೂನಿಕ್ಸ್ ಕೈಪಿಡಿಯಲ್ಲಿ ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್‌ಗೆ ಐದು ಆಪ್ಶನ್‌ಗಳಿದ್ದವು. ಈಗಿನ ಗ್ನೂ ಎಲ್‌ಎಸ್‌ನಲ್ಲಿ ಅವು ಐವತ್ತು ದಾಟಿವೆ. ಒಂದೊಂದೂ ಯಾರಿಗೋ ಒಮ್ಮೆ ನಿಜವಾಗಿ ಬೇಕಾಗಿದ್ದದ್ದೇ. ಒಟ್ಟು ಸೇರಿದಾಗ ಅದನ್ನು ಪೂರ್ತಿ ಬಲ್ಲವರು ಸಿಗುವುದು ಕಷ್ಟ. ಫೈಲನ್ನು ಹಾಗೇ ಹೊರಗೆ ಹರಿಸುವುದಷ್ಟೇ ಕೆಲಸವಾಗಿದ್ದ ಕ್ಯಾಟ್‌ಗೆ ಬರ್ಕ್‌ಲಿ ವಿಶ್ವವಿದ್ಯಾಲಯದವರು ಕಾಣದ ಸಂಕೇತಗಳನ್ನು ತೋರಿಸುವ, ಸಾಲಿಗೆ ಸಂಖ್ಯೆ ಹಾಕುವ ಆಪ್ಶನ್‌ಗಳನ್ನು ಸೇರಿಸಿದರು. 1980ರ ದಶಕದ ಮೊದಲ ಭಾಗದಲ್ಲಿ ರಾಬ್ ಪೈಕ್ ಮತ್ತು ಬ್ರಯಾನ್ ಕರ್ನಿಹ್ಯಾನ್ ಇದನ್ನು ಗಟ್ಟಿಯಾಗಿಯೇ ಪ್ರಶ್ನಿಸಿದರು. ಕಾಣದ ಸಂಕೇತಗಳನ್ನು ತೋರಿಸುವುದು ಬೇರೆಯೇ ಕೆಲಸ, ಅದಕ್ಕೆ ಬೇರೆ ಪ್ರೋಗ್ರಾಂ ಇದ್ದರೆ ಯಾವುದರ ಔಟ್‌ಪುಟ್ಟಿಗೆ ಬೇಕಾದರೂ ಅದನ್ನು ಜೋಡಿಸಬಹುದು ಎಂಬುದು ಅವರ ವಾದ. ತತ್ವವಾಗಿ ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಸರಳತೆಯನ್ನು ಇನ್ನೂ ಮುಂದಕ್ಕೆ ಒಯ್ದವರಿದ್ದಾರೆ. ಸಕ್‌ಲೆಸ್ ಬಳಗದವರ ಡಿಡಬ್ಲ್ಯೂಎಂ ಎಂಬ ವಿಂಡೋ ಮ್ಯಾನೇಜರ್‌ನ ಕೋಡ್ 2000 ಸಾಲು ಮೀರಬಾರದು ಎಂಬುದು ಅವರೇ ಹಾಕಿಕೊಂಡ ಗಡಿ. ಅದಕ್ಕೆ ಸೆಟ್ಟಿಂಗ್ಸ್ ಫೈಲ್ ಇಲ್ಲ. ಬಣ್ಣ ಬದಲಿಸಬೇಕಾದರೂ ಸಿ ಭಾಷೆಯ ಹೆಡರ್ ಫೈಲ್ ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಒಂದು ಪ್ರೋಗ್ರಾಮನ್ನು ಎರಡು ಸಂಜೆಗಳಲ್ಲಿ ಆದಿಯಿಂದ ಅಂತ್ಯದವರೆಗೆ ಓದಿ ಮುಗಿಸಬಹುದು ಅನ್ನುವುದು ಅಪರೂಪದ ಗುಣ, ಅದರ ಬಗ್ಗೆ ನನಗೆ ತುಂಬ ಗೌರವವಿದೆ. ಹಾಗೆಂದು ಎಲ್ಲರಿಗೂ ಅದನ್ನೇ ಬಳಸಿ ಎಂದು ಹೇಳಲಾರೆ. ಒಳಗಿನ ಕೋಡ್ ಸರಳವಾಗಿರುವುದು ಬೇರೆ, ಬಳಸುವವರಿಗೆ ಸರಳವಾಗಿರುವುದು ಬೇರೆ. ಕೋಡಿನಿಂದ ತೆಗೆದ ಗೋಜಲು ಕೆಲವೊಮ್ಮೆ ಮಾಯವಾಗದೆ ಬಳಸುವವರ ತಲೆಗೆ ವರ್ಗವಾಗಿರುತ್ತದೆ. ನಾನು ಹುಡುಕುವುದು ಎರಡೂ ಒಟ್ಟಿಗೆ ಇರುವ ಟೂಲ್‌ಗಳನ್ನು. ಯೂನಿಕ್, ಟೀ, ಕಾಮ್, ಪೇಸ್ಟ್ ಅಂಥವು.

ಬಳಸದ ಸೌಲಭ್ಯಕ್ಕೂ ಬೆಲೆ ಇದೆ

ಬೇಡವಾದ ಆಪ್ಶನ್ ಇದ್ದರೆ ಇರಲಿ ಬಿಡಿ, ಬಳಸದಿದ್ದರಾಯಿತು ಎಂಬ ವಾದ ಸಾಮಾನ್ಯ. ಸುರಕ್ಷತೆಯ ವಿಷಯದಲ್ಲಿ ಈ ವಾದ ನಿಲ್ಲುವುದಿಲ್ಲ.

ಸಾಮಾನ್ಯ ಬಳಕೆದಾರರಿಗೆ ತಾತ್ಕಾಲಿಕವಾಗಿ ರೂಟ್ ಅಧಿಕಾರ, ಅಂದರೆ ಯಂತ್ರದ ಪೂರ್ಣ ಹಿಡಿತ, ಕೊಡುವ ಸುಡೊ ಬಹುತೇಕ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಇರುತ್ತದೆ. 2021ರ ಜನವರಿಯಲ್ಲಿ ಕ್ವಾಲಿಸ್ ಸಂಸ್ಥೆಯ ಸಂಶೋಧಕರು ಅದರಲ್ಲಿ ಒಂದು ದೋಷವನ್ನು ಬಯಲು ಮಾಡಿದರು. ಫೈಲ್ ತಿದ್ದಲು ಅದರಲ್ಲಿರುವ ಸುಡೊಎಡಿಟ್ ಸೌಲಭ್ಯವನ್ನು ಒಂದು ವಿಶೇಷ ರೀತಿಯಲ್ಲಿ ಕರೆದು, ಕಮಾಂಡಿನ ಕೊನೆಯಲ್ಲಿ ಒಂದು ಹಿಂಗೀಟು (\) ಕೊಟ್ಟರೆ ಸುಡೊ ತನ್ನ ಬಫರ್‌ನ ಗಡಿ ದಾಟಿ ಬರೆಯುತ್ತಿತ್ತು. ಅದನ್ನು ಬಳಸಿಕೊಂಡು ಯಂತ್ರದ ಯಾವ ಬಳಕೆದಾರರಾದರೂ ರೂಟ್ ಆಗಬಹುದಿತ್ತು. ಆ ಕೋಡ್ ಸೇರಿದ್ದು 2011ರಲ್ಲಿ. ಹತ್ತು ವರ್ಷಗಳಷ್ಟು ಕಾಲ ಅದು ಎಲ್ಲರ ಯಂತ್ರದಲ್ಲೂ ಕೂತಿತ್ತು, ಆ ಸೌಲಭ್ಯವನ್ನು ಒಮ್ಮೆಯೂ ಮುಟ್ಟದವರ ಯಂತ್ರದಲ್ಲೂ.

ಓಪನ್‌ಬಿಎಸ್‌ಡಿಯವರು 2015ರಲ್ಲೇ, 5.8ನೇ ಆವೃತ್ತಿಯಲ್ಲಿ, ಸುಡೊವನ್ನು ಮೂಲ ವ್ಯವಸ್ಥೆಯಿಂದ ತೆಗೆದು ಟೆಡ್ ಉನಾಂಗ್ಸ್ಟ್ ಬರೆದ ಡೂಆಸ್ ಎಂಬ ಪುಟ್ಟ ಪ್ರೋಗ್ರಾಮನ್ನು ತಂದಿದ್ದರು. ಅದರ ಸೆಟ್ಟಿಂಗ್ಸ್ ಫೈಲಿನಲ್ಲಿ 'ಪರ್ಮಿಟ್ :ವೀಲ್' ಎಂಬ ಒಂದೇ ಸಾಲು ಇದ್ದರೆ, ವೀಲ್ ಗುಂಪಿನವರಿಗೆಲ್ಲ ಅನುಮತಿ ಸಿಕ್ಕಿತು. ದೊಡ್ಡ ಸಂಸ್ಥೆಗಳಿಗೆ ಕೇಂದ್ರೀಕೃತ ನಿಯಮಗಳು, ಪ್ಲಗಿನ್‌ಗಳು ಬೇಕಾಗುತ್ತವೆ, ಅವರಿಗೆ ಸುಡೊ ಸರಿ. ಒಬ್ಬರೇ ಬಳಸುವ ಲ್ಯಾಪ್‌ಟಾಪಿಗೆ ಅವುಗಳ ಗೊಡವೆ ಯಾಕೆ?

ಎಕ್ಸ್‌ಝಡ್ ಪ್ರಕರಣ ಇನ್ನೂ ಕಣ್ತೆರೆಸುವಂಥದ್ದು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್, ಎಕ್ಸ್‌ಝಡ್ ಎಂಬ ಸಂಕುಚನ ಸಾಫ್ಟ್‌ವೇರಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಹಿಂಬಾಗಿಲು ಇಟ್ಟಿದ್ದಾರೆಂದು ಪ್ರಕಟಿಸಿದರು. ದೂರದ ಯಂತ್ರಕ್ಕೆ ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್‌ನ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದು ಅವರ ಗಮನಕ್ಕೆ ಬಂದು, ಅದರ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ಇದು. ಮೂಲ ಓಪನ್‌ಎಸ್‌ಎಸ್‌ಎಚ್ ಎಕ್ಸ್‌ಝಡ್‌ನ ಲೈಬ್ರರಿಯನ್ನು ಬಳಸುವುದೇ ಇಲ್ಲ! ಕೆಲವು ಲಿನಕ್ಸ್ ವಿತರಣೆಗಳು, ಸೇವೆ ಶುರುವಾಯಿತೆಂದು, ಯಂತ್ರದ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಂಡಿಗೆ ತಿಳಿಸುವ ಸಣ್ಣ ಅನುಕೂಲಕ್ಕಾಗಿ ಅದಕ್ಕೆ ಸಿಸ್ಟಂಡಿಯ ಲೈಬ್ರರಿಯನ್ನು ಜೋಡಿಸಿದ್ದವು. ಆ ಲೈಬ್ರರಿಯ ಬೆನ್ನಿಗೇ ಎಕ್ಸ್‌ಝಡ್‌ನದೂ ಒಳಗೆ ಬಂದಿತ್ತು. ಯಂತ್ರದ ಮುಂಬಾಗಿಲನ್ನು ಕಾಯುವ ಪ್ರೋಗ್ರಾಂ ಒಳಗೆ, ಅದಕ್ಕೆ ಸಂಬಂಧವೇ ಇಲ್ಲದ ಕೋಡ್. ಒಂದು ಪ್ರೋಗ್ರಾಂ ಎಷ್ಟು ಲೈಬ್ರರಿಗಳನ್ನು ಎಳೆದುಕೊಂಡು ಬರುತ್ತದೆ ಎಂದು ಎಲ್‌ಡಿಡಿ ಕಮಾಂಡಿನಿಂದ ನೋಡುವ ಅಭ್ಯಾಸ ಒಳ್ಳೆಯದು ಎಂದು ನಾನು ಹೇಳುವುದು ಇದಕ್ಕೇ. ನಂಬಿಕೆ ಇಲ್ಲದ ಫೈಲಿನ ಮೇಲೆ ಮಾತ್ರ ಎಲ್‌ಡಿಡಿ ಓಡಿಸಬೇಡಿ.

ಸಣ್ಣದರ ಲಾಭ ವೇಗದಲ್ಲೂ ಕಾಣುತ್ತದೆ. 2006ರಲ್ಲಿ ಉಬುಂಟು ತನ್ನ 6.10ನೇ ಆವೃತ್ತಿಯಲ್ಲಿ ಸಿಸ್ಟಂ ಸ್ಕ್ರಿಪ್ಟ್‌ಗಳನ್ನು ಓಡಿಸುವ ಶೆಲ್ ಆಗಿ ಬ್ಯಾಶ್ ಬದಲು ಡ್ಯಾಶ್ ಎಂಬ ಚಿಕ್ಕ ಶೆಲ್ಲನ್ನು ಇಟ್ಟಿತು. ಬೂಟ್ ಆಗುವಾಗ ಓಡುವ ಅಸಂಖ್ಯ ಸ್ಕ್ರಿಪ್ಟ್‌ಗಳು ಬೇಗ ಮುಗಿಯಲಿ ಎಂಬುದು ಉದ್ದೇಶ. 2014ರಲ್ಲಿ ಬ್ಯಾಶ್‌ನ ಶೆಲ್‌ಶಾಕ್ ದೋಷ ಬಯಲಾದಾಗ ಆ ನಿರ್ಧಾರದಿಂದ ಇನ್ನೊಂದು ಲಾಭವೂ ಸಿಕ್ಕಿತು. ಆ ದೋಷವಿದ್ದ ಸೌಲಭ್ಯ ಡ್ಯಾಶ್‌ನಲ್ಲಿ ಇರಲೇ ಇಲ್ಲ.

ಕಲಿತದ್ದು ಎಲ್ಲಿಗೆ ಹೋದರೂ ಜೊತೆಗಿರುತ್ತದೆ ಎಂಬುದೂ ಸಣ್ಣ ಮಾತಲ್ಲ. ಶೆಲ್ ಮತ್ತು ಈ ಕಮಾಂಡ್‌ಗಳ ನಡವಳಿಕೆಯನ್ನು ಪಾಸಿಕ್ಸ್ ಮಾನದಂಡ 1992ರಲ್ಲೇ ಗೊತ್ತುಮಾಡಿತು. ಆಲ್ಪೈನ್ ಲಿನಕ್ಸ್‌ನ ಕಂಟೈನರ್ ಇಮೇಜ್ ಕೆಲವೇ ಮೆಗಾಬೈಟ್‌ನದು. ಅದರಲ್ಲಿ ಬ್ಯುಸಿಬಾಕ್ಸ್ ಎಂಬ ಒಂದೇ ಫೈಲ್ ಗ್ರೆಪ್, ಸೆಡ್, ಆಕ್, ಸಾರ್ಟ್, ವಿಐ ಮುಂತಾದ ಹತ್ತಾರು ಹೆಸರುಗಳಲ್ಲಿ ಕೆಲಸ ಮಾಡುತ್ತದೆ. ರೌಟರ್‌ಗಳಲ್ಲಿ, ಕೆಟ್ಟ ಯಂತ್ರವನ್ನು ಎಬ್ಬಿಸುವ ರಕ್ಷಣಾ ಡಿಸ್ಕ್‌ಗಳಲ್ಲಿ ಇರುವುದೂ ಇದೇ. ನಿಮ್ಮ ಯಂತ್ರದಲ್ಲಿ ಪ್ರೀತಿಯಿಂದ ಜೋಡಿಸಿಕೊಂಡ ಬಣ್ಣಬಣ್ಣದ ಟೂಲ್‌ಗಳು ಅಲ್ಲಿ ಸಿಗುವುದಿಲ್ಲ.

ಇವು ಎಲ್ಲಿ ಕೈಕೊಡುತ್ತವೆ

ಇಡೀ ಪದ್ಧತಿ ನಿಂತಿರುವುದು ಒಂದು ಒಪ್ಪಂದದ ಮೇಲೆ: ಡೇಟಾ ಅಂದರೆ ಸಾಲುಗಳು, ಒಂದು ಸಾಲು ಅಂದರೆ ಒಂದು ದಾಖಲೆ. ಡೇಟಾ ಇದಕ್ಕೆ ಒಗ್ಗದಿದ್ದಾಗ ತೊಂದರೆ ಶುರು. ಸಿಎಸ್‌ವಿ ಫೈಲಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಅಲ್ಪವಿರಾಮ ಬಂದರೆ ಕಟ್ ಅದನ್ನೂ ಕತ್ತರಿಸುತ್ತದೆ. ಜೇಸನ್ ಡೇಟಾವನ್ನು ಗ್ರೆಪ್‌ನಿಂದ ಬಗೆಯುವುದು ಇವತ್ತು ನಡೆದರೂ ನಾಳೆ ಬರೆದವರು ಸಾಲುಗಳನ್ನು ಬೇರೆ ಥರ ಮುರಿದರೆ ನಿಂತುಹೋಗುತ್ತದೆ. ಅಲ್ಲಿ ಜೇಸನ್‌ಗೆಂದೇ ಇರುವ ಜೇಕ್ಯೂ ಬಳಸಿ. ಅದು ಹೊಸದಾದರೂ ಗುಣದಲ್ಲಿ ಇದೇ ಬಳಗದ್ದು, ಒಂದು ಕಡೆಯಿಂದ ಓದಿ ಇನ್ನೊಂದು ಕಡೆಗೆ ಬರೆಯುತ್ತದೆ.

ಅಪಾಯಕಾರಿಯಾದದ್ದು ಫೈಲುಗಳ ಹೆಸರು. ಯೂನಿಕ್ಸ್‌ನಲ್ಲಿ ಫೈಲಿನ ಹೆಸರಿನಲ್ಲಿ ಓರೆಗೀಟು ಮತ್ತು ಶೂನ್ಯ ಬೈಟ್ ಬಿಟ್ಟು ಏನು ಬೇಕಾದರೂ ಇರಬಹುದು, ಹೊಸ ಸಾಲು ಕೂಡ. ಫೈಲುಗಳನ್ನು ಹುಡುಕುವ ಫೈಂಡ್ ಕೊಟ್ಟ ಹೆಸರುಗಳನ್ನು, ಬಂದದ್ದನ್ನು ಇನ್ನೊಂದು ಕಮಾಂಡಿಗೆ ದಾಟಿಸುವ ಎಕ್ಸ್‌ಆರ್ಗ್ಸ್ ಮೂಲಕ, ಅಳಿಸುವ ಕಮಾಂಡ್ ಆರ್‌ಎಂಗೆ ಕಳಿಸಿದಾಗ 'ಹಳೆ ವರದಿ' ಎಂಬ ಫೈಲ್ ಬಂದರೆ, ಆರ್‌ಎಂ 'ಹಳೆ' ಎಂಬುದನ್ನೂ 'ವರದಿ' ಎಂಬುದನ್ನೂ ಬೇರೆ ಬೇರೆ ಅಳಿಸಲು ಹೋಗುತ್ತದೆ. 'ವರದಿ' ಎಂಬ ಇನ್ನೊಂದು ಫೈಲ್ ಅಲ್ಲಿದ್ದರೆ ಅದು ಹೋಯಿತು. ಪರಿಹಾರ ಫೈಂಡ್‌ಗೆ -ಪ್ರಿಂಟ್0, ಎಕ್ಸ್‌ಆರ್ಗ್ಸ್‌ಗೆ -0 ಕೊಡುವುದು. ಹೆಸರುಗಳ ನಡುವೆ ಶೂನ್ಯ ಬೈಟ್ ಬರುವುದರಿಂದ ಗೊಂದಲಕ್ಕೆ ಆಸ್ಪದವಿಲ್ಲ. ಬಹುಕಾಲದಿಂದ ಬಳಕೆಯಲ್ಲಿದ್ದ ಇವು 2024ರ ಪಾಸಿಕ್ಸ್ ಆವೃತ್ತಿಯಲ್ಲಿ ಅಧಿಕೃತವಾದವು. ಪೈಪ್‌ಫೇಲ್ ಎಂಬ ಶೆಲ್ ಆಪ್ಶನ್ ಕೂಡ ಅದೇ ಆವೃತ್ತಿಯಲ್ಲಿ ಸೇರಿತು. ಪೈಪ್‌ಲೈನಿನ ಯಶಸ್ಸನ್ನು ಸಾಮಾನ್ಯವಾಗಿ ಕೊನೆಯ ಕಮಾಂಡ್ ಮಾತ್ರ ನಿರ್ಧರಿಸುತ್ತದೆ. ಮಧ್ಯದ್ದು ಸೋತರೂ ಸ್ಕ್ರಿಪ್ಟ್ ಎಲ್ಲ ಸರಿ ಇದೆ ಎಂದು ಮುಂದೆ ಹೋಗುತ್ತದೆ. ಪೈಪ್‌ಫೇಲ್ ಹಾಕಿದರೆ ಯಾವುದು ಸೋತರೂ ಗೊತ್ತಾಗುತ್ತದೆ. ಬ್ಯಾಕಪ್ ಸ್ಕ್ರಿಪ್ಟ್‌ಗಳಲ್ಲಿ ಇದಿಲ್ಲದೆ ಇರಬೇಡಿ.

ಹೊಸ ಟೂಲ್‌ಗಳನ್ನು ದೂರ ಇಡಿ ಎಂದು ನಾನು ಹೇಳುತ್ತಿಲ್ಲ. ರಿಪ್‌ಗ್ರೆಪ್ ದೊಡ್ಡ ಕೋಡ್ ಸಂಗ್ರಹಗಳಲ್ಲಿ ಗ್ರೆಪ್‌ಗಿಂತ ಎಷ್ಟೋ ಬೇಗ ಹುಡುಕುತ್ತದೆ, ನಾನೂ ಬಳಸುತ್ತೇನೆ. ಅದು ಗಿಟ್ ಇಗ್ನೋರ್ ಮಾಡಿದ ಫೈಲುಗಳನ್ನೂ ಚುಕ್ಕಿಯಿಂದ ಶುರುವಾಗುವ ಅಡಗಿದ ಫೈಲುಗಳನ್ನೂ ಕೇಳದೆಯೇ ಬಿಟ್ಟುಬಿಡುತ್ತದೆ ಎಂಬುದು ಮಾತ್ರ ನೆನಪಿರಬೇಕು. ಕೋಡ್ ಓದುವಾಗ ಅದು ವರವೇ. 'ಈ ಪಾಸ್‌ವರ್ಡ್ ಯಾವ ಫೈಲಿನಲ್ಲೂ ಉಳಿದಿಲ್ಲ' ಎಂದು ಖಾತ್ರಿ ಮಾಡಿಕೊಳ್ಳುವಾಗ ಅದೇ ನಡವಳಿಕೆ ಮೋಸ ಮಾಡುತ್ತದೆ. ಕೈಯಲ್ಲಿ ಟೈಪಿಸುವ ಕೆಲಸಕ್ಕೆ ಇಷ್ಟವಾದದ್ದನ್ನು ಬಳಸಿ, ಬೇರೆಯವರ ಯಂತ್ರದಲ್ಲೂ ಓಡಬೇಕಾದ ಸ್ಕ್ರಿಪ್ಟಿಗೆ ಪಾಸಿಕ್ಸ್ ಕಮಾಂಡ್‌ಗಳನ್ನೇ ಬಳಸಿ ಎಂಬುದು ನಾನು ಪಾಲಿಸುವ ಗಡಿ. ಸ್ಕ್ರಿಪ್ಟ್ ನೂರು ಸಾಲಿನ ಹತ್ತಿರ ಬಂದು, ಒಳಗೆ ಪಟ್ಟಿಗಳು, ದಿನಾಂಕದ ಲೆಕ್ಕಗಳು ಸೇರತೊಡಗಿದರೆ ಪೈಥಾನ್‌ನಂಥ ಭಾಷೆಗೆ ಹೋಗುವುದೇ ಮೇಲು.

ಶುರು ಮಾಡುವವರು ಪೈಪ್‌ಲೈನನ್ನು ಒಂದೇ ಏಟಿಗೆ ಬರೆಯಲು ಹೋಗಬೇಡಿ. ಮೊದಲ ಕಮಾಂಡ್ ಕೊಟ್ಟು ಕೊನೆಗೆ ಹೆಡ್ ಸೇರಿಸಿ ಏನು ಬಂತೆಂದು ನೋಡಿ, ಆಮೇಲೆ ಎರಡನೆಯದನ್ನು ಜೋಡಿಸಿ ಮತ್ತೆ ನೋಡಿ. ನಡುವೆ ಟೀ ಇಟ್ಟರೆ ಹರಿಯುತ್ತಿರುವುದರ ಒಂದು ಪ್ರತಿ ಫೈಲಿಗೂ ಹೋಗುತ್ತದೆ, ತಪ್ಪಾಗಿರುವುದು ಎಲ್ಲಿ ಎಂದು ಹುಡುಕಲು ಬಹಳ ಅನುಕೂಲ. ಜೊತೆಗೆ ಹೆಚ್ಚು ಜನ ಮುಟ್ಟದ ಕಾಮ್ ಕಮಾಂಡನ್ನು ಕಲಿತುಕೊಳ್ಳಿ. ಸಾರ್ಟ್ ಮಾಡಿದ ಎರಡು ಪಟ್ಟಿಗಳನ್ನು ಕೊಟ್ಟರೆ ಅದು ಮೂರು ಕಾಲಂ ತೋರಿಸುತ್ತದೆ: ಮೊದಲನೆಯದರಲ್ಲಿ ಮಾತ್ರ ಇರುವುದು, ಎರಡನೆಯದರಲ್ಲಿ ಮಾತ್ರ ಇರುವುದು, ಎರಡರಲ್ಲೂ ಇರುವುದು. ಬೇಡದ ಕಾಲಂಗಳ ಸಂಖ್ಯೆಯನ್ನು ಆಪ್ಶನ್ ಆಗಿ ಕೊಟ್ಟರೆ ಅವು ಮರೆಯಾಗುತ್ತವೆ. ನಿನ್ನೆಯ ಫೈಲ್ ಪಟ್ಟಿ ಮತ್ತು ಇವತ್ತಿನ ಪಟ್ಟಿಯನ್ನು 'ಕಾಮ್ -13' ಗೆ ಕೊಡಿ, ಇವತ್ತು ಹೊಸದಾಗಿ ಬಂದ ಫೈಲುಗಳು ಮಾತ್ರ ಉಳಿಯುತ್ತವೆ. '-23' ಕೊಟ್ಟರೆ ನಿನ್ನೆ ಇದ್ದು ಇವತ್ತು ಕಾಣೆಯಾದವು ಸಿಗುತ್ತವೆ.